ಕ್ಯಾಮೆರಾಗೊಂದು ಬೇರೆ ವಲಯ

ಫೈಬರ್ ಕಂಪನಿಯವರು ಗೋಡೆಗೆ ಹಾಕಿ ಹೋದ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಬದಲಿಸಿ, ಅದರ ಹಿಂದೆ ನಮ್ಮದೇ ರೌಟರ್ ಇಟ್ಟುಕೊಳ್ಳುವುದರಲ್ಲಿ ಒಂದು ಸುಖವಿದೆ. ಅದರೊಳಗಿನ ತಂತ್ರಾಂಶಕ್ಕೆ ನನ್ನ ಆಯ್ಕೆ ಓಪನ್‌ಡಬ್ಲ್ಯುಆರ್‌ಟಿ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೌಟರ್‌ನ ಲಿನಕ್ಸ್ ಮೂಲ ಕೋಡ್ 2003ರಲ್ಲಿ ಹೊರಬಿತ್ತು; ಮರುವರ್ಷ ಅದರ ಮೇಲೆಯೇ ಇದು ಹುಟ್ಟಿಕೊಂಡಿತು.

‘ನ್ಯಾಟ್ ಇದೆಯಲ್ಲ, ಫೈರ್‌ವಾಲ್ ಯಾಕೆ?’ ಎನ್ನುವವರಿದ್ದಾರೆ. ಐಪಿವಿ4ನಲ್ಲಿ ಮನೆಯ ಸಾಧನಗಳು 192.168ರ ಖಾಸಗಿ ವಿಳಾಸದ ಮರೆಯಲ್ಲಿರುತ್ತವೆ, ನಿಜ. ಆದರೆ ಐಪಿವಿ6ನಲ್ಲಿ ಟಿವಿ, ಫೋನು, ಕ್ಯಾಮೆರಾ ಪ್ರತಿಯೊಂದಕ್ಕೂ ಸಾರ್ವಜನಿಕ ವಿಳಾಸ. ಅಲ್ಲಿ ಆ ಮರೆ ಇಲ್ಲ. ಒಳಗಿನಿಂದ ಶುರುವಾದ ಸಂಪರ್ಕದ ಉತ್ತರವನ್ನು ಮಾತ್ರ ಬಿಟ್ಟು, ಹೊರಗಿನಿಂದ ಹೊಸದಾಗಿ ಬಂದದ್ದನ್ನು ತಡೆಯುವ ರೌಟರಿನ ಫಾರ್ವರ್ಡ್ ನಿಯಮವೇ ಕಾವಲು.

ಒಳಗೇ ಇರುವ ಅಪಾಯಕ್ಕೆ ಅಷ್ಟು ಸಾಲದು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಕಾರ್ಖಾನೆಯಲ್ಲಿ ಇಟ್ಟ 60ಕ್ಕೂ ಹೆಚ್ಚು ಬಳಕೆದಾರ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸಿಯೇ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡಿತು. ಆದ್ದರಿಂದ ಅಗ್ಗದ ಕ್ಯಾಮೆರಾ ನನ್ನ ಲ್ಯಾಪ್‌ಟಾಪ್ ಇರುವ ಜಾಲದಲ್ಲಿ ಇರಕೂಡದು ಎಂಬುದು ನನ್ನ ಹಟ. ಅದಕ್ಕೆ ಬೇರೆ ವೈಫೈ ಹೆಸರು, ಬೇರೆ ವಿಳಾಸಗಳ ಸಾಲು, ಬೇರೆ ಫೈರ್‌ವಾಲ್ ವಲಯ. ಲ್ಯಾನ್‌ನಿಂದ ಕ್ಯಾಮೆರಾ ನೋಡಬಹುದು. ಕ್ಯಾಮೆರಾ ಲ್ಯಾನ್‌ಗೆ ಬರುವಂತಿಲ್ಲ.

ಈ ವಲಯದ ‘ಇನ್‌ಪುಟ್’ ಅನ್ನು ‘ರಿಜೆಕ್ಟ್’ ಮಾಡಿದ ಕೂಡಲೇ ಕ್ಯಾಮೆರಾ ವೈಫೈಗೆ ಸೇರಿದರೂ ವಿಳಾಸ ಸಿಗದೆ ಒದ್ದಾಡುತ್ತದೆ. ವಿಳಾಸ ಕೊಡುವ ಡಿಎಚ್‌ಸಿಪಿ, ಹೆಸರು ಹುಡುಕುವ ಡಿಎನ್‌ಎಸ್ ಎರಡೂ ರೌಟರಿನೊಳಗೇ ಇವೆ. ಅವನ್ನು ಕೇಳುವುದೂ ‘ಇನ್‌ಪುಟ್’ ಲೆಕ್ಕವೇ. ಬೇಸತ್ತು ಇನ್‌ಪುಟ್ಟನ್ನೇ ಪೂರ್ತಿ ತೆರೆದುಬಿಡುವವರು ಬಹಳ. ಹಾಗೆ ಮಾಡಿದರೆ ರೌಟರಿನ ಆಡಳಿತ ಪುಟವೂ ಕ್ಯಾಮೆರಾದ ಕೈಗೆ ಎಟಕುತ್ತದೆ. ಯುಡಿಪಿ 67, ಜೊತೆಗೆ ಟಿಸಿಪಿ, ಯುಡಿಪಿ ಎರಡರಲ್ಲೂ 53, ಇಷ್ಟಕ್ಕೆ ಮಾತ್ರ ದಾರಿ ಬಿಡಿ.

ಯುಪಿಎನ್‌ಪಿ ಬೇಡವೇ ಬೇಡ. ಯಾವ ಸಾಧನ ಕೇಳಿದರೂ ಪೋರ್ಟ್ ತೆರೆದುಕೊಡುವ ಅದು ನಾವು ಬರೆದ ನಿಯಮಗಳಿಗೆ ಬೆಲೆ ಇಲ್ಲದಂತೆ ಮಾಡುತ್ತದೆ.

ಕೊನೆಗೆ ಪರೀಕ್ಷೆ. ಲ್ಯಾಪ್‌ಟಾಪನ್ನು ಕ್ಯಾಮೆರಾದ ವೈಫೈಗೆ ಸೇರಿಸಿ ರೌಟರಿನ ಪುಟ ತೆರೆಯಲು ನೋಡಿ, ತೆರೆಯಬಾರದು. ಆಮೇಲೆ ಫೋನಿನ ವೈಫೈ ಆರಿಸಿ, ಐಪಿವಿ6 ಇರುವ ಮೊಬೈಲ್ ಡೇಟಾದಿಂದ ಮನೆಯ ಕಂಪ್ಯೂಟರಿನ ಐಪಿವಿ6 ವಿಳಾಸವನ್ನು ತಟ್ಟಿ. ಪಿಂಗ್‌ಗೆ ಉತ್ತರ ಬಂದರೆ ಗಾಬರಿ ಬೇಡ, ಓಪನ್‌ಡಬ್ಲ್ಯುಆರ್‌ಟಿ ಅದನ್ನು ಮೊದಲಿನಿಂದಲೇ ಬಿಡುತ್ತದೆ. 22 ಅಥವಾ 80ನೇ ಪೋರ್ಟ್ ಉತ್ತರಿಸಿದರೆ ಮಾತ್ರ ನಿಯಮಗಳನ್ನು ಮತ್ತೆ ಮೇಲಿನಿಂದ ಓದಲು ಕೂರಬೇಕು.