ಮರದ ಪೆನ್ನಿಗೆ ಬೆಲೆ ಕಟ್ಟುವುದು

ಹೈದರಾಬಾದಿನಲ್ಲಿ ಪೆನ್ನಿನ ಹುಚ್ಚು ಹತ್ತಿದವರು ಒಂದಲ್ಲ ಒಂದು ದಿನ ಅಬಿಡ್ಸಿನ ಡೆಕ್ಕನ್ ಪೆನ್ ಸ್ಟೋರ್ಸಿಗೆ ಹೋಗಿಯೇ ಹೋಗುತ್ತಾರೆ. 1928ರಿಂದ ನಡೆದು ಬಂದ ಅಂಗಡಿ. ಪಾರ್ಕರ್, ಶೀಫರ್‌ಗಳ ಜೊತೆಗೆ ತನ್ನದೇ ಹೆಸರಿನ ಎಬೊನೈಟ್ ಪೆನ್ನುಗಳನ್ನೂ ಮಾರಿತು. ಅದರ ದಪ್ಪನೆಯ ‘ಅಡ್ವೊಕೇಟ್’ ಇವತ್ತಿಗೂ ಸಂಗ್ರಾಹಕರ ಆಸೆಯ ವಸ್ತು. ಅತ್ತ ರಾಜಮಹೇಂದ್ರಿಯಲ್ಲಿ ಸ್ವದೇಶಿ ಚಳವಳಿಯ ಕಾವಿನಲ್ಲೇ ರತ್ನಂ ಪೆನ್ನು ಹುಟ್ಟಿತ್ತು. ಕೈಯಲ್ಲಿ ಕಡೆದ ಪೆನ್ನಿಗೆ ತೆಲುಗು ನೆಲದಲ್ಲಿ ಗಿರಾಕಿ ಹಳಬ.

ಈಗ ಮನೆಯಲ್ಲೇ ಪುಟ್ಟ ಲೇತ್ ಇಟ್ಟುಕೊಂಡು ಬೀಟೆ, ತೇಗದ ಪೆನ್ನು ಕಡೆಯುವವರಿದ್ದಾರೆ. ಕೆಲಸ ಚೆಂದ, ಬೆಲೆ ಹೇಳುವಾಗ ಮಾತ್ರ ನಾಲಿಗೆ ತಡವರಿಸುತ್ತದೆ. ಬೆಲೆಯನ್ನು ಮರದಿಂದ ಲೆಕ್ಕ ಹಾಕುವುದೇ ಇದಕ್ಕೆ ಕಾರಣ. ಪೆನ್ನಿಗೆ ಬೇಕಾಗುವುದು ಗೇಣುದ್ದದ ತುಂಡು, ಬಡಗಿಯ ಅಂಗಡಿಯಲ್ಲಿ ಉಳಿಕೆಯಾಗಿ ಬಿದ್ದಿರುವಂಥದ್ದು. ದುಬಾರಿಯಾದದ್ದು ಒಳಗಿನ ಹಿತ್ತಾಳೆ ಕೊಳವೆ, ಕ್ಲಿಪ್ಪು, ನಿಬ್ಬು. ಅದಕ್ಕಿಂತ ದುಬಾರಿ, ಉಜ್ಜಿ ಉಜ್ಜಿ ಹೊಳಪು ತರುವ ಹೊತ್ತು.

ಅಂದಾಜಿಗೆ ಸಾಮಾನು 350 ರೂಪಾಯಿ, ಎರಡು ಗಂಟೆಯ ಕೂಲಿ 400 ಅನ್ನಿ. ಹಸಿ ಆರದ ಮರ ಬೇಸಿಗೆಯ ಒಣಹವೆಗೆ ಸೀಳುತ್ತದೆ, ಕೊರೆಯುವಾಗಲೂ ಒಂದೆರಡು ಒಡೆಯುತ್ತವೆ. ಆ ನಷ್ಟಕ್ಕೆ 90 ಸೇರಿಸಿ. 840 ಆಯಿತು. ಅಂಗಡಿಯವರು ನೂರಕ್ಕೆ ನಲವತ್ತು ಇಟ್ಟುಕೊಂಡರೆ ಮಾರುವ ಬೆಲೆ 1,400, ತೆರಿಗೆ ಬೇರೆ. ನಲವತ್ತು ಎಂದೊಡನೆ ಅನೇಕರು ಮುಖ ಸಿಂಡರಿಸುತ್ತಾರೆ. ನನಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ಬಾಡಿಗೆ ಕಟ್ಟುವವರು ಅವರು, ಗಾಜಿನ ಪೆಟ್ಟಿಗೆಯಲ್ಲಿ ಜಾಗ ಕೊಡುವವರು ಅವರು, ಬಂದವರ ಕೈಗೆ ಪೆನ್ನಿಟ್ಟು ನಾಲ್ಕು ಅಕ್ಷರ ಬರೆಸುವವರೂ ಅವರೇ. ಕೈಯಲ್ಲಿ ಹಿಡಿಯದೆ ಮರದ ಪೆನ್ನನ್ನು ಯಾರೂ ಮೆಚ್ಚಲಾರರು.

ಅಂಗಡಿಗೆ 1,400 ಹೇಳಿ, ಶಿಲ್ಪಾರಾಮದ ಕರಕುಶಲ ಮೇಳದಲ್ಲಿ ಅದೇ ಪೆನ್ನನ್ನು 900ಕ್ಕೆ ಕೊಡುವುದು ಮಾತ್ರ ದ್ರೋಹ. ಗಿರಾಕಿ ಮರುದಿನ ಅಂಗಡಿಯವರ ಎದುರು ಆ ಬೆಲೆ ಆಡಿದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಹೊಸಬರಿಗೆ ಹೆಚ್ಚಿನ ಅಂಗಡಿಯವರು ಹೇಳುವುದು, ‘ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು’. ಒಪ್ಪಿಕೊಳ್ಳಬಹುದು, ಆದರೆ ಎಷ್ಟು ಪೆನ್ನು, ಯಾವ ಮರ, ಯಾವ ಬೆಲೆ ಎಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ತಿಂಗಳಿಗೊಮ್ಮೆ ಹೋಗಿ ಲೆಕ್ಕ ನೋಡಿ, ಮಂಕಾದವನ್ನು ತಂದು ಮತ್ತೆ ಹೊಳಪು ಕೊಡಿ. ನಾಲ್ಕೈದು ಪೆನ್ನು ಹೋದವೆಂದರೆ ಮುಂದಿನ ಸರಕಿಗೆ ನಗದು ಕೇಳಿ, ಬೇಕಾದರೆ ಅಂಗಡಿಯ ಪಾಲನ್ನು ತುಸು ಹೆಚ್ಚಿಸಿ. ನಿಬ್ಬಿನ ಬದಲು ಬಾಲ್‌ಪೆನ್ನು ಮಾಡಿದರೆ ರೀಫಿಲ್ಲು ಮಾತ್ರ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುವಂಥದ್ದೇ ಇರಲಿ.