ಬೀರುವಿನೊಳಗಿನ ಫಣಿಯಮ್ಮ

ಪುಸ್ತಕದ ನಡುವೆ ಗುರುತಿಗೆಂದು ಒಂದು ತುಂಡು ಬಾಳೆನಾರು ಇತ್ತು. ಹೂ ಕಟ್ಟಿ ಉಳಿದ ನಾರು. ಸರಿಯಾಗಿ ಆ ಪುಟವನ್ನೇ ತೆಗೆದು, ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟು, "ಇದನ್ನ ನೀವು ಓದಿ ಕೊಟ್ರೋ ಓದದೇ ಕೊಟ್ರೋ, ಅಷ್ಟು ಹೇಳಿ ಮೇಡಂ" ಎಂದರು ಆ ಹುಡುಗಿಯ ತಂದೆ.

1997ರ ಮಳೆಗಾಲ. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ನಮ್ಮ ಪ್ರೌಢಶಾಲೆಯ ಗ್ರಂಥಾಲಯವೆಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಎರಡು ಕಬ್ಬಿಣದ ಬೀರು, ಅಷ್ಟೆ. ಒಂದರ ಬಾಗಿಲು ತುಕ್ಕು ಹಿಡಿದು ತೆರೆಯುತ್ತಿರಲಿಲ್ಲ. ಇನ್ನೊಂದರ ಬೀಗದ ಕೈ, ಕನ್ನಡ ಟೀಚರ್ ಎಂಬ ಕಾರಣಕ್ಕೆ, ನನ್ನ ಬಳಿ ಇತ್ತು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಬೀರು ತೆರೆದು ಕೂತರೆ ಹತ್ತು ಹನ್ನೆರಡು ಹುಡುಗಿಯರು ಬರುತ್ತಿದ್ದರು. ಅವರಲ್ಲಿ ಒಂಬತ್ತನೆಯ ತರಗತಿಯ ಈ ಹುಡುಗಿಗೆ ಓದುವ ಹಸಿವು ಹೆಚ್ಚು. ತ್ರಿವೇಣಿ ಮುಗಿಸಿದಳು, ಕಾರಂತರ ಚೋಮನನ್ನು ಓದಿ ಎರಡು ದಿನ ಮಂಕಾಗಿ ಕೂತಿದ್ದಳು. "ಇನ್ನೊಂದು ಕೊಡಿ ಮಿಸ್" ಎಂದಾಗ ನಾನು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ತೆಗೆದು ಅವಳ ಕೈಗಿಟ್ಟೆ.

ಆ ತಂದೆಯನ್ನು ಒರಟರೆಂದು ತಿಳಿಯಬೇಡಿ. ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು, ಮಗಳನ್ನು ಹತ್ತನೆಯ ತರಗತಿಯ ಆಚೆಗೂ ಓದಿಸಬೇಕೆಂಬ ಆಸೆಯಿದ್ದವರು. ಫೀಸು ಒಂದು ದಿನವೂ ತಡವಾದದ್ದಿಲ್ಲ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮೆತ್ತಗಿನ ದನಿಯಲ್ಲಿ, "ನಮ್ಮಲ್ಲಿ ಗಂಡ ಸತ್ತೋರ ತಲೆ ಬೋಳಿಸೋ ಪದ್ಧತೀನೇ ಇಲ್ಲ ಮೇಡಂ. ನಮ್ಮದಲ್ಲದ ಕಷ್ಟ ಓದಿಸಿ, ಅದ್ರ ಜೊತೆ ಇಂಥದ್ದನ್ನೂ ಓದಿಸಿದ್ರೆ ಹೆಂಗೆ? ಬೆಳೆಯೋ ಹುಡುಗಿ" ಎಂದರು. ಬಾಳೆನಾರಿನ ಪುಟದ ಮೇಲೆ ಅವರ ಬೆರಳಿತ್ತು. ಆದರೆ ಕಣ್ಣನ್ನು ಅತ್ತ ಹಾಯಿಸಲೂ ಅವರಿಗೆ ನಾಚಿಕೆ.

ಆ ಪುಟದಲ್ಲಿ ಏನಿದೆ ಎಂದು ಹೇಳಬೇಕಾದರೆ ಕಥೆಯನ್ನು ಸ್ವಲ್ಪ ನೆನಪಿಸಬೇಕು. ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಮಲೆನಾಡಿನ ದೊಡ್ಡ ಕುಟುಂಬದ ಮಗಳು ಫಣಿ. ಒಂಬತ್ತು ವರ್ಷಕ್ಕೆ ಮದುವೆ. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಹುಡುಗ ಗಂಡ ಹಾವು ಕಚ್ಚಿ ತೀರಿಕೊಳ್ಳುತ್ತಾನೆ. ಅವಳು ಮೈನೆರೆದ ಕೂಡಲೇ ತಲೆಗೂದಲು ತೆಗೆಸಿ ಮಡಿಹೆಂಗಸನ್ನಾಗಿ ಮಾಡುತ್ತಾರೆ. ಆಮೇಲೆ ಅವಳು ನೂರು ವರ್ಷಕ್ಕೂ ಮೀರಿ ಬಾಳುತ್ತಾಳೆ. ದುಡಿಯುತ್ತಾಳೆ, ಎಲ್ಲರ ಬಾಣಂತನ ಮಾಡುತ್ತಾಳೆ, ಯಾರ ಮೇಲೂ ಹಗೆಯಿಲ್ಲ. ಇದು ಕಟ್ಟುಕಥೆಯಲ್ಲ. ತಮ್ಮ ಬಂಧುಬಳಗದಲ್ಲೇ ಬದುಕಿದ್ದ ಒಬ್ಬ ಹೆಂಗಸಿನ ಬಾಳನ್ನು ಇಂದಿರಾ ತಮ್ಮ ತಾಯಿಯ ಬಾಯಿಂದ ಕೇಳಿ ಬರೆದದ್ದು. ಪ್ರಕಟವಾದದ್ದು 1976ರಲ್ಲಿ. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು.

ಈ ಫಣಿ, ತಲೆ ಬೋಳಾದ ಹರೆಯದ ಹುಡುಗಿ, ಒಂದು ರಾತ್ರಿ ಕತ್ತಲಲ್ಲಿ ಗಂಡು ಹೆಣ್ಣಿನ ಕೂಟವನ್ನು ಆಕಸ್ಮಿಕವಾಗಿ ನೋಡಿಬಿಡುತ್ತಾಳೆ. ಕದ್ದು ಕೂಡಿದವರು ಅವರು. ಅವಳಿಗೆ ಅದುವರೆಗೆ ಅಂಥದ್ದೊಂದಿದೆಯೆಂದು ಯಾರೂ ಹೇಳಿಲ್ಲ. ಆ ತಂದೆ ಬೆರಳಿಟ್ಟದ್ದು ಇಲ್ಲಿಗೆ.

ಈಗ ವಿಚಾರ ಮಾಡಿದರೆ ನಗು ಬರುತ್ತದೆ, ಆಗ ಬರಲಿಲ್ಲ. ಆ ತಂದೆ ಇನ್ನು ಹತ್ತು ಸಾಲು ಓದಿದ್ದರೆ, ಲೇಖಕಿ ತಮ್ಮ ಕಡೆಯವರೇ ಎಂದು ತಿಳಿಯುತ್ತಿತ್ತು. ಏಕೆಂದರೆ ಆ ದೃಶ್ಯ ಆಸೆ ಹುಟ್ಟಿಸುವುದಕ್ಕಾಗಿ ಬರೆದದ್ದೇ ಅಲ್ಲ. ಫಣಿಗೆ ಅದನ್ನು ನೋಡಿ ಹೇಸಿಗೆಯಾಗುತ್ತದೆ. ಇದಕ್ಕಾಗಿಯೇ ಜನ ಇಷ್ಟೆಲ್ಲ ಪಾಡುಪಡುವುದೇ ಎನ್ನಿಸಿ, ಆ ಸುಖ ತನಗೆ ತಪ್ಪಿದ್ದೇ ಒಳ್ಳೆಯದಾಯಿತೆಂಬಂತೆ ಅವಳ ಮನಸ್ಸು ಗಟ್ಟಿಯಾಗುತ್ತದೆ. ಮಗಳು ಕೆಡುತ್ತಾಳೆಂದು ಹೆದರಿದ ತಂದೆಗೆ ಇದಕ್ಕಿಂತ ಮಡಿಯಾದ ಪುಟ ಕನ್ನಡದಲ್ಲಿ ಸಿಗುವುದು ಕಷ್ಟ.

ನನ್ನ ಅಸಮಾಧಾನವಿರುವುದು ಇಲ್ಲಿಯೇ. ಬಿ.ಎ. ಓದುವಾಗ ಮೊದಲ ಸಲ ಈ ಕಾದಂಬರಿ ಓದಿ ಅತ್ತಿದ್ದೆ. ಮೂರನೆಯ ಸಲ ಓದಿದಾಗ ಸಣ್ಣ ಮುನಿಸು ಹುಟ್ಟಿತು. ಇಂದಿರಾ ಅವರು ಫಣಿಯಮ್ಮನನ್ನು ಎಷ್ಟು ಪ್ರೀತಿಸುತ್ತಾರೆಂದರೆ ಅವಳಿಗೆ ಒಂದು ಆಸೆಯನ್ನೂ ಬಿಟ್ಟುಕೊಡುವುದಿಲ್ಲ. ಹಬ್ಬದ ದಿನ ಎಲ್ಲ ಹೆಂಗಸರೂ ಹೂ ಮುಡಿದಾಗ ಅವಳ ಕೈ ತಲೆಗೆ ಹೋಗಿ ವಾಪಸು ಬಂದಿರಲಾರದೇ? ನೂರು ವರ್ಷದಲ್ಲಿ ಒಮ್ಮೆಯಾದರೂ? ಅನ್ಯಾಯಕ್ಕೊಳಗಾದವಳು ನಮ್ಮ ಮರುಕಕ್ಕೆ ಪಾತ್ರಳಾಗಬೇಕಾದರೆ ಅವಳು ದೇವತೆಯೇ ಆಗಿರಬೇಕೆಂಬ ನಿಯಮ ನಮ್ಮ ಎಷ್ಟೋ ಕಾದಂಬರಿಗಳಲ್ಲಿದೆ. ಹುಡುಗಿಯರಿಗೆ ಇದನ್ನು ಕೊಡುವಾಗ ನನಗಿದ್ದ ಅಳುಕು ಆ ತಂದೆಯದಕ್ಕೆ ತೀರ ತಿರುಗುಮುರುಗು: ಇದನ್ನೋದಿ ಇವರು ಮೈಯನ್ನೇ ಹೇಸಿಗೆಯೆಂದು ತಿಳಿದಾರೋ ಏನೋ!

ಆದರೆ ಕಾದಂಬರಿ ಆ ಪುಟದಲ್ಲಿ ನಿಲ್ಲುವುದಿಲ್ಲ. ಅದರ ದೊಡ್ಡತನ ಮುಂದೆ ಇದೆ. ಮುಟ್ಟಬಾರದವರೆಂದು ದೂರವಿಟ್ಟ ಕೇರಿಯ ಒಬ್ಬ ಹೆಣ್ಣುಮಗಳು ಹೆರಿಗೆ ಆಗದೆ ಸಾಯುವಂತಾದಾಗ, ಇದೇ ಮಡಿಯ ಫಣಿಯಮ್ಮ ಹೋಗಿ ತನ್ನ ಕೈಯಿಂದಲೇ ಆ ಕೂಸನ್ನು ಈಚೆಗೆ ತೆಗೆಯುತ್ತಾಳೆ. ಮದುವೆಯ ಸುಖವನ್ನು ಹೇಸಿಗೆಯೆಂದು ಬಗೆದವಳ ಕೈ ರಕ್ತದ ಬಿಸಿಯೊಳಗೆ ಹೋಗಿ ಜೀವವನ್ನು ಹಿಡಿಯುತ್ತದೆ. ಆಗ ಅವಳಿಗೆ ಹೇಸಿಗೆಯಿಲ್ಲ. ಇಂದಿರಾ ಅವರು ಇದನ್ನು ವಿವರಿಸಲು ಹೋಗುವುದಿಲ್ಲ. ಅಡುಗೆಮನೆಯಲ್ಲಿ ಕೂತು ಹಿರಿಯರು ಹೇಳಿದಂತೆ ಹೇಳಿ ಮುಂದೆ ಹೋಗುತ್ತಾರೆ. ಅವರು ಶಾಲೆಯಲ್ಲಿ ಕಲಿತದ್ದು ಏಳು ವರ್ಷ. ಹನ್ನೆರಡಕ್ಕೆ ಮದುವೆಯಾಯಿತು. ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಇಂಥವರು ಬರೆದ ಹೆರಿಗೆಯಲ್ಲಿ ಹೆರಿಗೆಯ ವಾಸನೆಯಿದೆ. ನಮ್ಮ ಗಂಡು ಕಾದಂಬರಿಕಾರರು ಹೆರಿಗೆಯ ಕೋಣೆಯ ಬಾಗಿಲ ಹೊರಗೇ ನಿಂತು ಬರೆದವರು. ಅವರನ್ನು ದೂರಿ ಫಲವಿಲ್ಲ, ಒಳಗೆ ಬಿಟ್ಟಿದ್ದರೆ ತಾನೆ?

ಅದಾದ ಮೇಲೆ ದಾಕ್ಷಾಯಿಣಿ. ಇವಳೂ ಎಳೆಯ ವಿಧವೆ, ಆದರೆ ತಲೆ ಕೊಡಲು ಒಪ್ಪುವುದಿಲ್ಲ. ಮನೆಯವರೆಲ್ಲ ಹಟಕ್ಕೆ ಬಿದ್ದಾಗ, ಅವಳನ್ನು ಹಿಂಸಿಸಬೇಡಿ ಎಂದು ಅವಳ ಪಕ್ಕಕ್ಕೆ ನಿಲ್ಲುವುದು ಫಣಿಯಮ್ಮನೇ. ಮುಂದೆ ದಾಕ್ಷಾಯಿಣಿ ಬಸಿರಾಗುತ್ತಾಳೆ, ಮೈದುನನಿಂದ. ಆಗಲೂ ಫಣಿಯಮ್ಮ ಕಲ್ಲೆತ್ತುವವರ ಗುಂಪಿಗೆ ಸೇರುವುದಿಲ್ಲ. ತಾನು ಬಿಟ್ಟದ್ದನ್ನು ಇನ್ನೊಬ್ಬಳೂ ಬಿಡಬೇಕೆಂಬ ಛಲ ಅವಳಿಗಿಲ್ಲ. ನನ್ನ ಮುನಿಸು ಇಲ್ಲಿ ಕರಗುತ್ತದೆ. ತರಗತಿಯ ಹುಡುಗಿಯರನ್ನು ಕೇಳಿ ನೋಡಿ, ಅವರಿಗೆ ಇಷ್ಟವಾಗುವವಳು ದಾಕ್ಷಾಯಿಣಿ. "ಫಣಿಯಮ್ಮ ಒಳ್ಳೇವ್ರು ಮಿಸ್, ಆದ್ರೆ ದಾಕ್ಷಾಯಿಣಿ ಥರ ಇರ್ಬೇಕು" ಎಂದಿದ್ದಳು ಒಬ್ಬಳು ತುಂಟಿ. ಅದನ್ನು ಆ ತಂದೆ ಕೇಳಲಿಲ್ಲವಲ್ಲ, ಸದ್ಯ.

ಇದಾವುದನ್ನೂ ನಾನು ಅಂದು ಹೇಳಲಿಲ್ಲ. ಹೇಳಿದೆನೆಂದು ಬರೆದರೆ ಸುಳ್ಳಾಗುತ್ತದೆ. ಹೆಡ್‌ಮಾಸ್ಟರು ಬಂದರು, ಕಾಫಿ ತರಿಸಿದರು. ಆ ತಂದೆಯ ಎದುರಿಗೇ "ಮಕ್ಕಳಿಗೆ ನೀತಿಕಥೆ, ವಿಜ್ಞಾನಿಗಳ ಜೀವನಚರಿತ್ರೆ ಕೊಡಿ, ಕಾದಂಬರಿಗೀದಂಬರಿ ಬೇಡ" ಎಂದರು. ಮುಂದೆ ಪಠ್ಯೇತರ ಪುಸ್ತಕಗಳನ್ನು ತಮ್ಮ ಒಪ್ಪಿಗೆಯಿಲ್ಲದೆ ಕೊಡುವುದಿಲ್ಲವೆಂದು ಒಂದು ಹಾಳೆಯಲ್ಲಿ ಬರೆಸಿಕೊಂಡರು. ನಾನು ಬರೆದುಕೊಟ್ಟೆ. ಅಕ್ಷರ ಚೆನ್ನಾಗಿಯೇ ಬಂದಿತ್ತು. ಪುಸ್ತಕವನ್ನು ತೆರೆಯದ ಬೀರುವಿನ ತಲೆಯ ಮೇಲೆ, ಹಳೆಯ ಭೂಪಟಗಳ ಹಿಂದೆ ಇಟ್ಟೆ. ನಾನಿನ್ನೂ ಖಾಯಂ ಆಗಿರಲಿಲ್ಲ, ಮನೆಯಲ್ಲಿ ಇಬ್ಬರು ತಂಗಿಯರ ಮದುವೆ ಬಾಕಿಯಿತ್ತು ಎಂದೆಲ್ಲ ಹೇಳಬಹುದು. ನಿಜವೇ. ಆದರೆ ಇನ್ನೊಂದೂ ನಿಜ. ಆ ಬೆರಳಿಟ್ಟ ಪುಟ ನೋಡಿ ನನಗೂ ನಾಚಿಕೆಯಾಗಿತ್ತು. ಗಂಡಸರ ಎದುರಿಗೆ ಆ ಪುಟದ ಬಗ್ಗೆ ಮಾತಾಡುವ ಭಾಷೆ ನನ್ನಲ್ಲಿರಲಿಲ್ಲ. ಬಿ.ಎಡ್.ನಲ್ಲಿ ಪಾಠಯೋಜನೆ ಬರೆಯಲು ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ.

ಅದೇ ವರ್ಷ ಅದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸಂತಾನೋತ್ಪತ್ತಿಯ ಪಾಠ ಬಂದಾಗ ಹೂವಿನ ಪರಾಗಸ್ಪರ್ಶವನ್ನು ಮೂರು ದಿನ ಮಾಡಿ, ಮನುಷ್ಯರದನ್ನು "ಮನೆಯಲ್ಲಿ ಓದಿಕೊಳ್ಳಿ" ಎಂದರು. ಅದಕ್ಕೆ ಯಾವ ಪೋಷಕರೂ ಆಕ್ಷೇಪಿಸಲಿಲ್ಲ.

ಆಕ್ಷೇಪ ನಮ್ಮೂರಿಗೆ ಮಾತ್ರ ಸೇರಿದ್ದೂ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1976ರಲ್ಲಿ ಒಂದು ಶಾಲಾ ಮಂಡಳಿ, ಪೋಷಕರ ಗುಂಪೊಂದು ಮಾಡಿದ ಪಟ್ಟಿ ಹಿಡಿದು, ಶಾಲೆಯ ಗ್ರಂಥಾಲಯದಿಂದ ಪುಸ್ತಕಗಳನ್ನು ತೆಗೆಸಿತು. ಅದರ ಮೇಲೆ ಕೋರ್ಟಿಗೆ ಹೋದವರು ಟೀಚರುಗಳಲ್ಲ, ವಿದ್ಯಾರ್ಥಿಗಳು. ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಹಾಗೆ ತೆಗೆಯುವಂತಿಲ್ಲವೆಂದು 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಹುಡುಗಿ ಕೋರ್ಟಿಗೆ ಹೋಗುವುದಿರಲಿ, ಮರುದಿನ ನನ್ನ ಮುಖ ನೋಡಲೂ ಹೆದರಿದಳು, ತಾನೇ ನನಗೆ ತೊಂದರೆ ತಂದೆನೆಂದು.

ಹಾಗೆಂದು ತಂದೆತಾಯಿಗೆ ಕೇಳುವ ಹಕ್ಕೇ ಇಲ್ಲವೆನ್ನಲು ನಾನು ಸಿದ್ಧಳಿಲ್ಲ. ಕಾರಣ ಹೇಳುತ್ತೇನೆ. 2015ರಲ್ಲಿ ನನ್ನ ಮಗಳು ಪಿಯುಸಿಯಲ್ಲಿದ್ದಳು. ಅವಳ ಲೆಕ್ಚರರ್ ಒಬ್ಬರು ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಓದಲು ಕೊಟ್ಟಿದ್ದರು. ನಾನು ಮೆಚ್ಚಿದ ಕಾದಂಬರಿ. ಅದರ ಸಿನಿಮಾಕ್ಕೆ 1970ರಲ್ಲಿ ಸೆನ್ಸಾರಿನವರು ಅಡ್ಡ ಬಂದದ್ದನ್ನು ತರಗತಿಯಲ್ಲಿ ಹೇಳಿ ನಾನೇ ನಕ್ಕಿದ್ದೆ. ಅಂಥ ನಾನು ಅಂದು ರಾತ್ರಿ, ಮಗಳು ಮಲಗಿದ ಮೇಲೆ, ಕಾಡಿನಲ್ಲಿ ಪ್ರಾಣೇಶಾಚಾರ್ಯರಿಗೆ ಚಂದ್ರಿ ಸಿಗುವ ಪುಟವನ್ನು ಹುಡುಕುತ್ತಿದ್ದೆ. ಅವಳು ಅಲ್ಲಿಗೆ ಬಂದಿದ್ದಾಳೋ ಇಲ್ಲವೋ ಎಂದು. ಪುಸ್ತಕವನ್ನು ಎರಡು ದಿನ ಅಟ್ಟದ ಮೇಲೆ ಇಟ್ಟುಬಿಟ್ಟೆ ಕೂಡ. ಮೂರನೆಯ ದಿನ ಮಗಳು "ಅಮ್ಮಾ, ಮುಗಿದಿದೆ ಅದು, ಲೈಬ್ರರಿಗೆ ವಾಪಸು ಕೊಡ್ಬೇಕು, ಎಲ್ಲಿಟ್ಟೆ?" ಎಂದಳು. ಅವಳ ಮುಖದಲ್ಲಿ ಯಾವ ಕೆಟ್ಟ ಬದಲಾವಣೆಯೂ ಕಾಣಲಿಲ್ಲ. ಹತ್ತೊಂಬತ್ತು ವರ್ಷದ ಹಿಂದಿನ, ಅಲ್ಲಲ್ಲ, ಹದಿನೆಂಟು ವರ್ಷದ ಹಿಂದಿನ ಆ ದಿನಸಿ ಅಂಗಡಿಯವರ ಬೆರಳು ನನಗೆ ಚೆನ್ನಾಗಿ ಅರ್ಥವಾಯಿತು. ಆ ಹೆದರಿಕೆ ಪುಸ್ತಕದ್ದಲ್ಲ. ನಾನು ಹೇಳಬೇಕಾಗಿದ್ದ ಮಾತನ್ನು ನನಗಿಂತ ಮೊದಲು ಇನ್ನಾರೋ ಹೇಳಿಬಿಟ್ಟರಲ್ಲ ಎಂಬುದು.

ಆಮೇಲಿಂದ ಒಂದು ರೂಢಿ ಮಾಡಿಕೊಂಡೆ. ಪೋಷಕರ ಸಭೆಯಲ್ಲಿ ತಾಯಂದಿರು ಹೆಚ್ಚು. ಅಂಕಗಳ ಮಾತು ಮುಗಿದ ಮೇಲೆ, ನಾನು ಮಕ್ಕಳಿಗೆ ಕೊಡುವ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, "ಬೇಕಾದವರು ಮೊದಲು ನೀವೇ ಓದಿ" ಎನ್ನುತ್ತೇನೆ. ಕೆಲವರು ಒಯ್ಯುತ್ತಾರೆ. ಕೆಲವು ಪುಸ್ತಕ ಮನೆಯಲ್ಲಿ ಅತ್ತೆಯ ಕೈಗೂ ಹೋಗಿ ವಾಪಸೇ ಬರುವುದಿಲ್ಲ. ಅದೊಂದು ನಷ್ಟ, ಸ್ಟಾಕ್ ತಪಾಸಣೆಯ ಹೊತ್ತಿಗೆ ಕೈಯಿಂದ ದುಡ್ಡು ತೆರುತ್ತೇನೆ. ಒಬ್ಬ ತಾಯಿ 'ಗೆಜ್ಜೆಪೂಜೆ'ಯನ್ನು ನೋಡಿ "ಇದು ಸಿನಿಮಾ ಅಲ್ವಾ? ಕಲ್ಪನಾದು. ಮನೆಮಂದಿಯೆಲ್ಲ ಕೂತು ಅತ್ತಿದ್ವಿ" ಎಂದರು. ಸೂಳೆಗಾರಿಕೆಯ ಮನೆಯ ಕಥೆಯನ್ನು ಮನೆಮಂದಿಯೆಲ್ಲ ಕೂತು ನೋಡಬಹುದು, ಅದನ್ನೇ ಹುಡುಗಿಯೊಬ್ಬಳು ಮೂಲೆಯಲ್ಲಿ ಒಬ್ಬಳೇ ಕೂತು ಓದಬಾರದು! ನಮಗೆ ಭಯವಿರುವುದು ಬಹುಶಃ ಆ ಒಬ್ಬಳೇ ಕೂರುವುದರ ಮೇಲೆ.

ಆ ಶಾಲೆಯಿಂದ ನನಗೆ ವರ್ಗವಾದಾಗ ಬೀರುವಿನ ಪುಸ್ತಕಗಳನ್ನು ಎಣಿಸಿ ಒಪ್ಪಿಸಬೇಕಾಯಿತು. ಭೂಪಟಗಳ ಹಿಂದಿನಿಂದ ಫಣಿಯಮ್ಮನನ್ನು ಇಳಿಸಿದೆ. ಬಾಳೆನಾರು ಅಲ್ಲೇ ಇತ್ತು, ಒಣಗಿ ಕಂದಾಗಿ, ಪುಟದ ಮೇಲೆ ಒಂದು ಗೆರೆ ಬಿಟ್ಟು. ಆಗ ಹೊಳೆಯಿತು: ಅದು ಆ ತಂದೆ ಇಟ್ಟ ಗುರುತಲ್ಲ, ಹುಡುಗಿಯದೇ. ಅವಳು ಓದು ನಿಲ್ಲಿಸಿದ್ದು ಅಲ್ಲಿ. ಹೇಸಿಗೆಯವರೆಗೆ ಬಂದಿದ್ದಳು. ಹೆರಿಗೆಗೆ ಇನ್ನೂ ಬಂದಿರಲಿಲ್ಲ, ದಾಕ್ಷಾಯಿಣಿಗೂ ಇಲ್ಲ. ಕತ್ತಲಲ್ಲಿ ಏನನ್ನೋ ನೋಡಿ ಬೆಚ್ಚಿದ ಫಣಿಯ ಜೊತೆಯಲ್ಲಿಯೇ ನಾವೆಲ್ಲ ಸೇರಿ ಅವಳನ್ನು ಬಿಟ್ಟುಬಂದೆವು.

ಅವಳು ಎಸ್ಸೆಸ್ಸೆಲ್ಸಿ ಒಳ್ಳೆಯ ಅಂಕ ತೆಗೆದು ಪಾಸಾದಳು. ಆದರೆ ಆಮೇಲೆ ಒಂದು ಶನಿವಾರವೂ ಬೀರುವಿನ ಹತ್ತಿರ ಬರಲಿಲ್ಲ. ಕೆಲವು ವರ್ಷದ ಕೆಳಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು, ಪಕ್ಕದಲ್ಲಿ ಹತ್ತು ಹನ್ನೊಂದು ವರ್ಷದ ಮಗಳು. "ಇವ್ಳಿಗೆ ಓದೋ ಹುಚ್ಚು ಮಿಸ್, ಸಿಕ್ಕಿದ್ದೆಲ್ಲ ಓದ್ತಾಳೆ" ಎಂದಳು. ದೂರೋ ಹೆಮ್ಮೆಯೋ ತಿಳಿಯಲಿಲ್ಲ. ಆ ಕಾದಂಬರಿಯನ್ನು ಎಂದಾದರೂ ಮುಗಿಸಿದೆಯಾ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕಂಡಕ್ಟರು ಅವರ ಊರಿನ ಹೆಸರು ಕೂಗಿದ. ಮಗಳನ್ನು ಮುಂದೆ ಹತ್ತಿಸಿ ತಾನೂ ಹತ್ತಿದಳು, ಕಿಟಕಿಯಿಂದ ಕೈಬೀಸಿದಳು.