ನಿಯಮವೂ ನೀತಿಯೂ: ವಿಡಿಯೊ ಆಟಗಳ ವಿನ್ಯಾಸ ಪ್ರಶಸ್ತಿಯ ವಿಮರ್ಶೆ

ಕಾವ್ಯವೊಂದಕ್ಕೆ ಪ್ರಶಸ್ತಿ ಬಂದರೆ ಅದರ ಶಬ್ದವನ್ನೂ ಅರ್ಥವನ್ನೂ ಒರೆಗೆ ಹಚ್ಚುವ ಪದ್ಧತಿ ಕನ್ನಡ ವಾಚಕರಿಗೆ ಹೊಸದಲ್ಲ. ಆಟವೊಂದಕ್ಕೆ ಪ್ರಶಸ್ತಿ ಬಂದರೆ ಏನನ್ನು ಒರೆಗೆ ಹಚ್ಚಬೇಕೆಂಬ ಪ್ರಶ್ನೆ ಮಾತ್ರ ಈಚಿನದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೊಮ್ಮೆ ಸೇರುವ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಎಂಬ ಸಮ್ಮೇಳನದಲ್ಲಿ 2001ರಿಂದ ಗೇಮ್ ಡೆವಲಪರ್ಸ್ ಚಾಯ್ಸ್ ಪ್ರಶಸ್ತಿಗಳನ್ನು ನೀಡುತ್ತ ಬರಲಾಗಿದೆ. ಅವುಗಳಲ್ಲಿ ಒಂದು ಉತ್ತಮ ವಿನ್ಯಾಸಕ್ಕೆ ಮೀಸಲಾಗಿದೆ. ಹಿಂದಿನ ವರ್ಷದ ಆಟಗಳನ್ನು ಆಟ ತಯಾರಿಸುವವರೇ ತೂಗಿ ನೋಡಿ ಆರಿಸುವುದರಿಂದ ಈ ಮನ್ನಣೆಗೆ ಆ ವೃತ್ತಿಯಲ್ಲಿ ವಿಶೇಷ ಗೌರವವಿದೆ.

ಇಲ್ಲಿ ವಿನ್ಯಾಸವೆಂದರೆ ಚಿತ್ರಗಳ ಅಂದವಲ್ಲ, ಕಥೆಯ ಸ್ವಾರಸ್ಯವೂ ಅಲ್ಲ. ಅವುಗಳಿಗೆ ಬೇರೆ ಬಹುಮಾನಗಳಿವೆ. ವಿನ್ಯಾಸವೆಂದರೆ ನಿಯಮಗಳ ರಚನೆ. ಅಳಗುಳಿಮಣೆಯಲ್ಲಿ ಕಾಯಿಗಳನ್ನು ಯಾವ ಗುಳಿಯಿಂದ ಎತ್ತಬೇಕು, ಯಾವಾಗ ನಿಲ್ಲಬೇಕು ಎಂಬ ಕಟ್ಟಳೆಯೇ ಆಟ. ಮಣೆ ಹಲಸಿನ ಮರದ್ದೋ ಕಲ್ಲಿನದ್ದೋ ಎಂಬುದು ಗೌಣ. ಹಾಗೆಯೇ ವಿಡಿಯೊ ಆಟದಲ್ಲಿಯೂ ಆಡುವವನಿಗೆ ಏನು ಸಾಧ್ಯ, ಏನು ಅಸಾಧ್ಯ, ಯಾವ ನಡತೆಗೆ ಫಲ, ಯಾವುದಕ್ಕೆ ಹಾನಿ ಎಂದು ಗೊತ್ತುಪಡಿಸುವವನೇ ವಿನ್ಯಾಸಕ. ಅವನು ಒಂದು ಕಿರುಲೋಕದ ಶಾಸನಕಾರನಿದ್ದಂತೆ. ಶಾಸನಕಾರನನ್ನು ಹೊಗಳುವಾಗ ಅವನ ಶಾಸನದ ಜಾಣ್ಮೆಯನ್ನಷ್ಟೇ ನೋಡಬೇಕೆ, ಅದರ ಪರಿಣಾಮವನ್ನೂ ನೋಡಬೇಕೆ? ಈ ಪ್ರಶಸ್ತಿಯನ್ನು ಪಡೆದ ಮೂರು ಆಟಗಳನ್ನು ಪರಿಶೀಲಿಸಿದರೆ ಉತ್ತರದ ದಿಕ್ಕು ಕಾಣುತ್ತದೆ.

ಮೊದಲನೆಯದು 2005ರಲ್ಲಿ ಜಪಾನಿನ ಫುಮಿಟೊ ಉಯೆಡಾ ನಿರ್ದೇಶಿಸಿದ ‘ಶ್ಯಾಡೊ ಆಫ್ ದ ಕೊಲಾಸಸ್’. ಮೃತಳಾದ ಕನ್ಯೆಯೊಬ್ಬಳನ್ನು ಬದುಕಿಸಲು ತರುಣನೊಬ್ಬ ನಿಷಿದ್ಧ ಭೂಮಿಗೆ ಬಂದು, ಅಲ್ಲಿನ ಹದಿನಾರು ಮಹಾಕಾಯಗಳನ್ನು ಒಂದೊಂದಾಗಿ ಕೊಲ್ಲುವುದೇ ಇದರ ವಸ್ತು. ಅವುಗಳಲ್ಲಿ ಕೆಲವಂತೂ ತಾವಾಗಿ ಮೇಲೆ ಬೀಳುವುದೇ ಇಲ್ಲ. ಒಂದೊಂದು ವಧೆಯಾದಾಗಲೂ ಜಯಘೋಷದ ಬದಲು ಶೋಕದ ಸಂಗೀತ ಕೇಳಿಬರುತ್ತದೆ. ಸತ್ತ ಜೀವಿಯಿಂದ ಹೊರಟ ಕಪ್ಪು ಎಳೆಗಳು ಕೊಂದವನ ಮೈಯನ್ನು ಹೊಗುತ್ತವೆ. ಅವನ ಮುಖ ಬರಬರುತ್ತ ಕಳೆಗುಂದುತ್ತದೆ. ವಧೆಯ ಫಲವು ವಧಿಸಿದವನಿಗೇ ಅಂಟಿಕೊಳ್ಳುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಆಟಗಳು ವಿರಳ. 2006ರ ಸಮಾರಂಭದಲ್ಲಿ ಇದಕ್ಕೆ ವರ್ಷದ ಆಟವೆಂಬ ಗೌರವದ ಜೊತೆಗೆ ವಿನ್ಯಾಸದ ಪ್ರಶಸ್ತಿಯೂ ಸಂದಿತು.

ಆದರೆ ಇದು ಬರಿಯ ಚಿತ್ರವಲ್ಲವೆ, ಇಲ್ಲಿ ಯಾವ ಪ್ರಾಣಿಗೆ ನೋವಾಯಿತು ಎಂದು ಕೇಳುವವರುಂಟು. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲ ವಾಚಕರಿಗೆ ಈ ಪ್ರಶ್ನೆ ಪರಿಚಿತವಾದುದು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ಹಿಂಸೆ ಜನ್ಮಾಂತರಗಳವರೆಗೆ ಬೆನ್ನಟ್ಟಿತು. ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಯಶೋಧರನ ಬಲಿ ದೇವತೆಗೆ ಮುಟ್ಟಲೆಂಬ ಉದ್ದೇಶದಿಂದ ನಡೆದದ್ದು. ಆಟಗಾರನಾದರೋ ತಾನು ಕಟ್ಟುಕಥೆಯೊಳಗೆ ಇರುವೆನೆಂದು ಅರಿತಿರುತ್ತಾನೆ. ಅವನ ಮನಸ್ಸಿನಲ್ಲಿ ಉಳಿಯುವುದು ಕೊಂದ ಹೆಮ್ಮೆಯೋ ಕೊಂದ ಕಳವಳವೋ ಎಂಬುದೇ ಇಲ್ಲಿ ನಿರ್ಣಾಯಕ. ಉಯೆಡಾ ಕಳವಳವನ್ನು ಉಳಿಸುತ್ತಾರೆ. ಆದರೂ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಕೊಲ್ಲದೆ ಮುಂದುವರಿಯುವ ದಾರಿಯನ್ನು ಈ ಆಟದ ನಿಯಮ ಇಟ್ಟೇ ಇಲ್ಲ. ಆಡುವುದನ್ನೇ ಬಿಡುವುದೊಂದೇ ಉಳಿದ ದಾರಿ. ಪಶ್ಚಾತ್ತಾಪಕ್ಕೆ ಇಲ್ಲಿ ಸ್ಥಳವಿದೆ, ಸಂಯಮಕ್ಕೆ ಇಲ್ಲ.

ಎರಡನೆಯದು ‘ಜರ್ನಿ’. ಜೆನೋವಾ ಚೆನ್ ಅವರ ನೇತೃತ್ವದಲ್ಲಿ ದಟ್‌ಗೇಮ್‌ಕಂಪನಿ 2012ರಲ್ಲಿ ಹೊರತಂದ ಈ ಆಟ 2013ರಲ್ಲಿ ವಿನ್ಯಾಸದ ಪ್ರಶಸ್ತಿಯೂ ಸೇರಿ ಆರು ಪ್ರಶಸ್ತಿಗಳನ್ನು ಪಡೆಯಿತು. ಮರಳುಗಾಡನ್ನು ದಾಟಿ ದೂರದ ಬೆಟ್ಟವನ್ನು ಏರುವುದಷ್ಟೇ ಇದರ ಕಾರ್ಯ. ದಾರಿಯಲ್ಲಿ ಜಗತ್ತಿನ ಎಲ್ಲಿಯದೋ ಒಬ್ಬ ಅಪರಿಚಿತ ಆಟಗಾರ ಜೊತೆಯಾಗುತ್ತಾನೆ. ಅವನ ಹೆಸರು ತಿಳಿಯದು, ಮಾತಿಲ್ಲ, ಆಯುಧವಿಲ್ಲ, ಒಂದು ಗಂಟೆಯಂಥ ನಾದ ಮಾತ್ರ ಇಬ್ಬರ ಭಾಷೆ.

ಈ ಆಟ ರೂಪುಗೊಂಡ ಬಗೆಯಲ್ಲಿ ಬಹು ಬೋಧಪ್ರದವಾದ ಸಂಗತಿಯೊಂದಿದೆ. ಆರಂಭದ ಕರಡಿನಲ್ಲಿ ಇಬ್ಬರು ಆಟಗಾರರ ದೇಹಗಳು ಪರಸ್ಪರ ತಾಗುವಂತಿದ್ದವು. ಒಬ್ಬರಿಗೊಬ್ಬರು ನೆರವಾಗಲೆಂಬುದು ಉದ್ದೇಶ. ಆದರೆ ಪರೀಕ್ಷೆಗೆ ಕುಳಿತವರು ಒಬ್ಬರನ್ನೊಬ್ಬರು ಅಪಾಯದೊಳಕ್ಕೆ ತಳ್ಳತೊಡಗಿದರು. ಚೆನ್ ಆಟಗಾರರಿಗೆ ಉಪದೇಶ ಮಾಡಲಿಲ್ಲ, ದಂಡವನ್ನೂ ವಿಧಿಸಲಿಲ್ಲ. ತಳ್ಳುವ ಸಾಧ್ಯತೆಯನ್ನೇ ತೆಗೆದುಹಾಕಿ, ಇಬ್ಬರೂ ಹತ್ತಿರ ಬಂದರೆ ಇಬ್ಬರ ಹಾರುವ ಶಕ್ತಿಯೂ ತುಂಬಿಕೊಳ್ಳುವಂತೆ ನಿಯಮವನ್ನು ಬದಲಿಸಿದರು. ಜನರು ಬದಲಾಗಲಿಲ್ಲ, ಬದಲಾದದ್ದು ಕಟ್ಟಳೆ. ಅದರೊಂದಿಗೆ ನಡತೆಯೂ ಬದಲಾಯಿತು.

ಭಾರತದ ಪರಮಪದ ಸೋಪಾನಪಟವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಪಶ್ಚಿಮ ಭಾರತದ ಜೈನರಲ್ಲಿ ಜ್ಞಾನಬಾಜಿಯೆಂಬ ಹೆಸರಿನಲ್ಲಿ ಬಳಕೆಯಲ್ಲಿದ್ದ ಪಟಗಳೂ ಇದೇ ಬಗೆಯವು. ಅಲ್ಲಿ ಏಣಿಯ ಬುಡದಲ್ಲಿ ಸದ್ಗುಣದ ಹೆಸರು, ಹಾವಿನ ಬಾಯಲ್ಲಿ ದುರ್ಗುಣದ ಹೆಸರು. ಆದರೆ ಏರಿಸುವುದೂ ಇಳಿಸುವುದೂ ದಾಳ. ಆಡುವವನ ಆಯ್ಕೆಗೆ ಅಲ್ಲಿ ಎಡೆಯಿಲ್ಲ. ನೀತಿ ಬರಹದಲ್ಲಿದೆ, ನಿಯಮದಲ್ಲಿಲ್ಲ. ‘ಜರ್ನಿ’ಯಲ್ಲಿ ನೀತಿಯ ಬರಹ ಒಂದೂ ಇಲ್ಲ, ನಿಯಮವೇ ನೀತಿಯಾಗಿದೆ. ವಿನ್ಯಾಸವೆಂಬ ಕಲೆಯ ನಿಜವಾದ ಸಾಮರ್ಥ್ಯ ಇದು.

ಮೂರನೆಯ ಉದಾಹರಣೆಯಲ್ಲಿ ಪ್ರಶಸ್ತಿಯ ದೌರ್ಬಲ್ಯ ಬಯಲಾಗುತ್ತದೆ. ಬ್ಲಿಝಾರ್ಡ್ ಸಂಸ್ಥೆ 2016ರಲ್ಲಿ ಬಿಡುಗಡೆ ಮಾಡಿದ ‘ಓವರ್‌ವಾಚ್’ ಆರು ಜನರ ಎರಡು ತಂಡಗಳು ಸೆಣಸುವ ಆಟ. ಹೊಡೆಯುವವನಿಗಿರುವಷ್ಟೇ ಮಹತ್ತ್ವವನ್ನು ಗಾಯ ಮಾಯಿಸುವವನಿಗೂ ಕಾಯುವವನಿಗೂ ಕೊಟ್ಟ ಅದರ ನಿಯಮಗಳು ಪ್ರಶಂಸಾರ್ಹವೇ. 2017ರಲ್ಲಿ ವಿನ್ಯಾಸದ ಪ್ರಶಸ್ತಿ ಅದಕ್ಕೆ ದೊರೆಯಿತು. ಆದರೆ ಅದೇ ಆಟದೊಳಗೆ ಲೂಟ್ ಬಾಕ್ಸ್ ಎಂಬ ಮುಚ್ಚಿದ ಪೆಟ್ಟಿಗೆಗಳಿದ್ದವು. ಒಳಗೆ ಏನಿದೆಯೆಂದು ತಿಳಿಯದೆ ಹಣ ತೆತ್ತು ಕೊಳ್ಳುವುದು. ಬಯಸಿದ್ದು ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಮತ್ತೊಂದು ಪೆಟ್ಟಿಗೆ. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ‘ಓವರ್‌ವಾಚ್’ ಸೇರಿದಂತೆ ಮೂರು ಆಟಗಳ ಪೆಟ್ಟಿಗೆಗಳು ತನ್ನ ಕಾನೂನಿನ ಪ್ರಕಾರ ಜೂಜೇ ಎಂದು ಸಾರಿತು. ಆ ದೇಶದಲ್ಲಿ ಅವುಗಳ ಮಾರಾಟವನ್ನು ಸಂಸ್ಥೆ ಅದೇ ವರ್ಷ ನಿಲ್ಲಿಸಿತು. ಉಳಿದೆಡೆ ಮಾರಾಟ ನಿಂತದ್ದು 2022ರಲ್ಲಿ.

ಪೆಟ್ಟಿಗೆಯಲ್ಲಿದ್ದದ್ದು ವೇಷಭೂಷಣಗಳೇ ಹೊರತು ಗೆಲುವಿಗೆ ನೆರವಾಗುವ ಬಲವಲ್ಲ. ಹಣ ಕೊಡದೆ ಆಡಿಯೂ ಅದನ್ನು ಗಳಿಸಬಹುದಿತ್ತು. ಆಟದ ಪರವಾದ ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಆಡುತ್ತ ಮೇಲಿನ ಹಂತ ಮುಟ್ಟಿದಾಗಲೆಲ್ಲ ಒಂದು ಪೆಟ್ಟಿಗೆ ಉಚಿತವಾಗಿ ಕೈಸೇರಿ, ತೆರೆಯುವ ಕುತೂಹಲದ ರುಚಿ ಹತ್ತುತ್ತಿತ್ತು. ಅಂಗಡಿಯ ಬಾಗಿಲು ಆಟದ ಹೊರಗಿರಲಿಲ್ಲ. ಅದಕ್ಕೆ ಒಯ್ಯುವ ಹಾದಿಯನ್ನೂ ಆಟದ ನಿಯಮವೇ ಹಾಕಿತ್ತು. ಹಾಗಿದ್ದ ಮೇಲೆ ರಣರಂಗದ ನಿಯಮಗಳನ್ನು ವಿನ್ಯಾಸವೆಂದು ಗೌರವಿಸಿ, ಪೆಟ್ಟಿಗೆಯ ನಿಯಮವನ್ನು ವ್ಯಾಪಾರವೆಂದು ಬದಿಗಿರಿಸುವುದು ಯುಕ್ತವಲ್ಲ. ಎರಡನ್ನೂ ರಚಿಸಿದ್ದು ಒಂದೇ ಕಲೆ. ಎರಡೂ ಪ್ರಭಾವ ಬೀರುವುದು ಒಂದೇ ಮನಸ್ಸಿನ ಮೇಲೆ, ಬಹಳ ಸಲ ಎಳೆಯ ಮನಸ್ಸಿನ ಮೇಲೆ.

ಈ ಪ್ರಶಸ್ತಿಯನ್ನು ತಳ್ಳಿಹಾಕಬೇಕೆಂದು ಇದರ ಅರ್ಥವಲ್ಲ. ನಿಯಮ ರಚನೆಯೂ ಒಂದು ಕಲೆಯೆಂದು ಗುರುತಿಸಿ ಅದಕ್ಕೆ ಪ್ರತ್ಯೇಕ ಸ್ಥಾನವಿತ್ತದ್ದು ಅದರ ಹಿರಿಮೆ. ಆ ನಿಯಮಗಳು ಮಾಡಿದ್ದೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಅದರ ಕೊರತೆ. ಹಣ ಕೇಳುವ ಕ್ರಮವೂ ವಿನ್ಯಾಸದ ಭಾಗವೆಂದು ಎಣಿಸಿ ಅಂಕವಿಡುವುದಾದರೆ ಆ ಮನ್ನಣೆಯ ತೂಕ ಹೆಚ್ಚುತ್ತದೆ. ಅಲ್ಲಿಯವರೆಗೆ, ಮಕ್ಕಳ ಕೈಗೆ ಆಟ ಕೊಡುವ ಹಿರಿಯರು ಪ್ರಶಸ್ತಿಯ ಮುದ್ರೆಯೊಂದನ್ನೇ ನಂಬದೆ, ಆ ಆಟ ಯಾವ ನಡತೆಗೆ ಫಲ ಕೊಡುತ್ತದೆ, ಯಾವ ಹೊತ್ತಿನಲ್ಲಿ ಹಣ ಕೇಳುತ್ತದೆ ಎಂಬ ಎರಡು ಮಾತುಗಳನ್ನು ತಾವೇ ವಿಚಾರಿಸಿಕೊಳ್ಳುವುದು ಲೇಸು.